ಜಗುಲಿ ಮಾತು: ಹಾಡಿದವರು ಯಾರು?

ಪ್ರೀತಿಯ ಮಕ್ಕಳೇ, ಪಕ್ಕದಲ್ಲಿ ಕನ್ನಡಕ ಏರಿಸಿಕೊಂಡು ಕೂತಿರುವ ಅಜ್ಜ ಅಜ್ಜಿಯರೇ,

ಹೋದ ಆಷಾಢದಲ್ಲಿ ನಮ್ಮ ಸಕಲೇಶಪುರದ ಕಡೆ ಮಳೆ ಹಿಡಿದದ್ದು ಹದಿನೈದು ದಿನ ಬಿಡಲಿಲ್ಲ. ಹೇಮಾವತಿ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಶಾಲೆಗಳಿಗೆ ಮಳೆ ರಜೆ. ಕರೆಂಟು ಹೋಗಿ ಎರಡು ದಿನವಾಗಿತ್ತು. ಎಂಟನೇ ಕ್ಲಾಸಿನ ನನ್ನ ಮೊಮ್ಮಗಳು ಪುಟ್ಟಿಗೆ ಟಿವಿಯೂ ಇಲ್ಲ, ಮೊಬೈಲೂ ಇಲ್ಲ. ಏನಾದರೂ ಸಿಗಬಹುದೆಂದು ಅಟ್ಟ ಹತ್ತಿದವಳು ಹಳೆಯ ಬಿಸ್ಕತ್ತಿನ ಟಿನ್ ಡಬ್ಬಿಯೊಂದನ್ನು ಎತ್ತಿಕೊಂಡು ಇಳಿದಳು.

“ಅಜ್ಜ, ಇದರಲ್ಲೇನಿದೆ?”

ಮುಚ್ಚಳ ತೆಗೆದರೆ ಹಳೆಯ ರಸೀತಿಗಳು, ತುಕ್ಕು ಹಿಡಿದ ಬೀಗದ ಕೈಗಳು. ಅವುಗಳ ಕೆಳಗೆ ಒಂದು ಕ್ಯಾಸೆಟ್. ಅದರ ಮೇಲೆ ನನ್ನದೇ ಅಕ್ಷರದಲ್ಲಿ ‘ಅವ್ವನ ಹಾಡು, ಶ್ರಾವಣ 1983’ ಎಂದು ಬರೆದಿತ್ತು. ಒಳಗಿನ ಕಂದು ಪಟ್ಟಿಯ ಅಂಚಿಗೆ ಅಕ್ಕಿ ಹಿಟ್ಟು ಉದುರಿಸಿದ ಹಾಗೆ ಬೆಳ್ಳಗೆ ಬೂಷ್ಟು.

ಅವ್ವ ತೀರಿಕೊಂಡು ಇಪ್ಪತ್ತು ವರ್ಷ ದಾಟಿದೆ. ಅವಳ ಫೋಟೊಗಳಿವೆ. ದನಿ ಇದ್ದದ್ದು ಜಗತ್ತಿನಲ್ಲಿ ಆ ಒಂದೇ ಜಾಗದಲ್ಲಿ, ಆ ಬೂಷ್ಟು ಹಿಡಿದ ಪಟ್ಟಿಯಲ್ಲಿ.

ಆ ಹಾಡು ಹಿಡಿದ ದಿನ ನನಗೆ ನೆನಪಿದೆ. ಆಗೆಲ್ಲ ಗದ್ದೆ ನಾಟಿಗೆ, ನಮ್ಮ ಕಡೆ ನೆಟ್ಟಿ ಅನ್ನುತ್ತಾರೆ, ಮುಯ್ಯಾಳು ಕರೆಯುತ್ತಿದ್ದರು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಅದರ ಜೊತೆಗೆ ಕೂಲಿಗೆ ಬರುವವರೂ ಇರುತ್ತಿದ್ದರು. ಹೆಂಗಸರು ಕಂಬಳಿ ಕೊಪ್ಪೆ ಹಾಕಿಕೊಂಡು, ಮೊಣಕಾಲುದ್ದ ಕೆಸರಿನಲ್ಲಿ ಸಾಲಾಗಿ ಬಗ್ಗಿ ಸಸಿ ನೆಡುತ್ತಾ ಹಾಡುತ್ತಿದ್ದರು. ಒಬ್ಬರು ಸೊಲ್ಲು ಎತ್ತಿಕೊಡುವುದು, ಉಳಿದವರು ಅದನ್ನೇ ತಿರುಗಿ ಹೇಳುವುದು. ನನಗೆ ಆಗ 27 ವರ್ಷ. ಬೊಂಬಾಯಿಯಲ್ಲಿದ್ದ ನೆಂಟರೊಬ್ಬರು ಒಂದು ಟೂ-ಇನ್-ಒನ್ ತಂದುಕೊಟ್ಟಿದ್ದರು. ಗದ್ದೆಗೆ ಒಯ್ದರೆ ಮಳೆಗೆ ಕೆಟ್ಟೀತು. ಹಾಗಾಗಿ ಒಂದು ಸಂಜೆ ನೆಟ್ಟಿ ಮುಗಿಸಿ ಬಂದವರು ಕಡುಬು ತಿಂದು ಕಾಫಿ ಕುಡಿದ ಮೇಲೆ, ನಮ್ಮ ಮನೆಯ ಜಗುಲಿಯಲ್ಲೇ ಅವ್ವನ ಮುಂದೆ ಅದನ್ನಿಟ್ಟು ಕೆಂಪು ಗುಂಡಿ ಒತ್ತಿದೆ. ಹಿಡಿದದ್ದು ಕ್ಯಾಸೆಟ್ಟಿನ ಎರಡೂ ಬದಿ, ಒಟ್ಟು ಒಂದು ಗಂಟೆ.

ಇನ್ನು ನಾಚಿಕೆಯ ವಿಷಯ ಹೇಳಬೇಕು. ಎರಡನೆಯ ಬದಿಯಲ್ಲಿ ಈಗ ಅವ್ವನ ಹಾಡಿಲ್ಲ. 1987ರ ವಿಶ್ವಕಪ್ ಕ್ರಿಕೆಟ್ಟಿನ ವೀಕ್ಷಕ ವಿವರಣೆ ಇದೆ. ನವೆಂಬರಿನಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡ್ ಎದುರು ನಡೆದ ಸೆಮಿಫೈನಲ್. ಹೊಸ ಕ್ಯಾಸೆಟ್ ಕೈಗೆ ಸಿಗದೆ ಇದರ ಮೇಲೆಯೇ ರೆಕಾರ್ಡ್ ಮಾಡಿಬಿಟ್ಟೆ. ಆ ಪಂದ್ಯವನ್ನೂ ಸೋತೆವು. ಕ್ಯಾಸೆಟ್ಟಿನ ಬೆನ್ನಿನ ಎರಡು ಮೂಲೆಗಳಲ್ಲಿ ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಅವನ್ನು ಮುರಿದಿಟ್ಟರೆ ಯಾರೂ ಅದರ ಮೇಲೆ ಮತ್ತೊಂದನ್ನು ಹಿಡಿಯಲಾಗದು. ಎರಡು ಹಲ್ಲು ಮುರಿಯದೆ ಹೋದದ್ದಕ್ಕೆ ಅವ್ವನ ಅರ್ಧ ಗಂಟೆ ಹೋಯಿತು.

“ಇನ್ನರ್ಧ ಇದೆಯಲ್ಲ ಅಜ್ಜ, ಅದನ್ನಾದರೂ ಉಳಿಸೋಣ,” ಎಂದಳು ಪುಟ್ಟಿ.

ಮನೆಯಲ್ಲಿದ್ದ ಹಳೆಯ ಟೇಪ್ ರೆಕಾರ್ಡರಿಗೆ ಹಾಕಿ ನೋಡೋಣವೆಂದು ನನ್ನ ಕೈ ತುರಿಸಿತು. ಹಾಕದೆ ಇದ್ದದ್ದು ಪುಣ್ಯ. ಬೂಷ್ಟು ಹಿಡಿದ ಟೇಪು ಅಂಟಿಕೊಂಡಿರುತ್ತದೆ, ಎಳೆದರೆ ಹರಿಯುತ್ತದೆ. ಮಳೆ ನಿಂತ ಮೇಲೆ ಹಾಸನಕ್ಕೆ ಹೋಗಿ, ಹಳೆಯ ಟೇಪುಗಳ ಕೆಲಸ ಬಲ್ಲ ಒಬ್ಬ ಸ್ಟುಡಿಯೊದವರ ಕೈಗೆ ಅದನ್ನು ಕೊಟ್ಟೆವು.

ಅವರು ಪುಟ್ಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ತೋರಿಸಿದರು. ಟೇಪು ಎಂದರೆ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿ. ಅದರ ಒಂದು ಮೈಗೆ ಕಬ್ಬಿಣದ ತುಕ್ಕಿನ ಜಾತಿಯ ಕಂದು ಪುಡಿ ಬಳಿದಿರುತ್ತಾರೆ. ನಾವು ಹಾಡಿದಾಗ ಗಾಳಿ ಅಲುಗುತ್ತದೆ. ಮೈಕು ಆ ಅಲುಗಾಟವನ್ನು ವಿದ್ಯುತ್ತಾಗಿ ಮಾಡುತ್ತದೆ. ಆ ವಿದ್ಯುತ್ತಿಗೆ ತಕ್ಕಂತೆ ಪುಡಿಯ ಕಣಗಳು ಪುಟ್ಟ ಅಯಸ್ಕಾಂತಗಳಾಗಿ ಸಾಲು ನಿಲ್ಲುತ್ತವೆ. ಹಾಡು ಎಂದರೆ ಆ ಸಾಲು. ಕ್ಯಾಸೆಟ್ಟಿನಲ್ಲಿ ಟೇಪು ಸೆಕೆಂಡಿಗೆ ಸುಮಾರು 4.76 ಸೆಂಟಿಮೀಟರ್ ಓಡುತ್ತದೆ. ಅರ್ಧ ಗಂಟೆಗೆ ಎಷ್ಟಾಯಿತು? ನೀವೇ ಲೆಕ್ಕ ಹಾಕಿ ನೋಡಿ, ಸುಮಾರು 86 ಮೀಟರ್ ಬರಬೇಕು. ಹತ್ತಿರಹತ್ತಿರ ಒಂದು ಫುಟ್‌ಬಾಲ್ ಮೈದಾನದ ಉದ್ದ, ಅಂಗೈಯಗಲದ ಡಬ್ಬಿಯೊಳಗೆ.

ಅವರು ಕ್ಯಾಸೆಟ್ಟಿನ ಐದು ತಿರುಪು ಬಿಚ್ಚಿದರು. ಟೇಪನ್ನು ಒತ್ತಿ ಹಿಡಿಯುವ ಉಣ್ಣೆಯ ಚೂರು ಅಂಟು ಬಿಟ್ಟು ಉದುರಿತ್ತು. ಬೂಷ್ಟನ್ನು ನಿಧಾನವಾಗಿ ಒರೆಸಿ, ಎರಡೂ ಸುರುಳಿಗಳನ್ನು ಹೊಸ ಚಿಪ್ಪಿಗೆ ದಾಟಿಸಿದರು. ಯಂತ್ರದ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ತೊಳೆದರು. ಆಮೇಲೆ ಪ್ಲೇ ಒತ್ತಿ ಕಂಪ್ಯೂಟರಿಗೆ ಜೋಡಿಸಿದರು. ಈ ಕೆಲಸದಲ್ಲಿ ಅವಸರ ನಡೆಯುವುದಿಲ್ಲ. ಅರ್ಧ ಗಂಟೆಯ ಹಾಡು ಕಂಪ್ಯೂಟರಿಗೆ ಇಳಿಯಲು ಅರ್ಧ ಗಂಟೆಯೇ ಬೇಕು.

ಡಿಜಿಟಲ್ ಮಾಡುವುದೆಂದರೆ ಹಾಡನ್ನು ಅಂಕಿಗಳಾಗಿ ಬರೆದಿಡುವುದು. ದನಿ ಯಾವ ಕ್ಷಣದಲ್ಲಿ ಎಷ್ಟಿದೆ ಎಂದು ಯಂತ್ರ ಅಳೆಯುತ್ತ ಹೋಗುತ್ತದೆ. ಸಿ.ಡಿ.ಗೆ ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ. ಕಾಪಿಡುವ ಪ್ರತಿಗೆ ಇನ್ನೂ ಸೂಕ್ಷ್ಮ ಬೇಕೆಂದು ಅವರು 96,000 ಸಲ ಅಳೆಯುವಂತೆ ಇಟ್ಟರು. ಅರ್ಧ ಗಂಟೆಗೆ 500 ಎಂಬಿ ದಾಟಿತು. ಮೊಬೈಲಿನಲ್ಲಿ ಕೇಳಲು 30 ಎಂಬಿಯೊಳಗಿನ ಇನ್ನೊಂದು ಚಿಕ್ಕ ಪ್ರತಿ ಮಾಡಿದರು. “ದೊಡ್ಡದು ಬಿತ್ತನೆ ಬೀಜ, ಚಿಕ್ಕದು ಊಟದ ಅಕ್ಕಿ. ಬೀಜಕ್ಕೆ ಮಾತ್ರ ಕೈ ಹಾಕಬೇಡಿ,” ಎಂದರು.

ಅಷ್ಟರಲ್ಲಿ ಅವ್ವ ಹಾಡಿದಳು. ನಲವತ್ತು ವರ್ಷ ಕೇಳದಿದ್ದ ದನಿ. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಪುಟ್ಟಿ ನನ್ನ ಕೈ ಹಿಡಿದುಕೊಂಡಳು.

ಎರಡನೆಯ ಹಾಡಿನ ನಡುವೆ ಅವ್ವನಿಗೆ ಕೆಮ್ಮು ಬರುತ್ತದೆ. ಹಾಡು ಮಾತ್ರ ನಿಲ್ಲುವುದಿಲ್ಲ. ದೂರದಿಂದ ಇನ್ನೊಂದು ಹೆಣ್ಣು ದನಿ ಅದನ್ನು ಎತ್ತಿಕೊಳ್ಳುತ್ತದೆ. ಅವ್ವನ ದನಿಗಿಂತ ತೆಳು, ಆದರೆ ಶ್ರುತಿಯಲ್ಲಿ ಕಡ್ಡಿ ಕೊರೆದಷ್ಟು ನೇರ. ಅವ್ವ ಸುಧಾರಿಸಿಕೊಂಡು ಆ ದನಿಯ ಹಿಂದೆ ಹೋಗುತ್ತಾಳೆ. ಕೊನೆಯ ಹಾಡನ್ನು ಆ ದನಿ ಒಂಟಿಯಾಗಿ, ಬಹಳ ಮೆಲ್ಲಗೆ ಹಾಡುತ್ತದೆ. ಅದು ಬಂದಾಗಲೆಲ್ಲ ಮಳೆಹನಿ ತೊಟ್ಟಿಕ್ಕುವ ಸದ್ದೂ ಜೋರಾಗುತ್ತದೆ.

“ಇವರು ಯಾಕೆ ಮೈಕಿನಿಂದ ಇಷ್ಟು ದೂರ ಕೂತಿದ್ದಾರೆ?” ಎಂದು ಸ್ಟುಡಿಯೊದವರು ಕೇಳಿದರು. “ಬೇಕಾದರೆ ಮಳೆ ಸದ್ದನ್ನು ತೆಗೆದುಬಿಡಬಹುದು.”

ನನಗೆ ಉತ್ತರ ಹೊಳೆಯಲಿಲ್ಲ. ಮಳೆ ಇರಲಿ ಎಂದೆ.

ಮನೆಗೆ ಬಂದ ಪುಟ್ಟಿ, ಇದನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಕೇಳುವಂತೆ ಇಡಬೇಕು ಎಂದು ಹಟ ಹಿಡಿದಳು. ನಮ್ಮ ಮನೆಯ ಹಾಡು ಊರಿಗೆಲ್ಲ ಯಾಕೆ ಎಂದು ಕೇಳಿದೆ. “ನಮ್ಮ ಮನೆಯಲ್ಲೇ ಇಟ್ಟು ಏನಾಯ್ತು ಅಜ್ಜ? ಅರ್ಧ ಕ್ರಿಕೆಟ್ಟಿಗೆ, ಅರ್ಧ ಬೂಷ್ಟಿಗೆ,” ಎಂದಳು. ಬಾಯಿ ಮುಚ್ಚಿಕೊಂಡೆ.

ಮಕ್ಕಳೇ, ಹಾಡನ್ನು ಕಾಪಾಡಲು ನಮ್ಮವರು ಕಂಡುಕೊಂಡ ದಾರಿಗಳನ್ನು ನೋಡಿ. ನಮ್ಮ ಸಕಲೇಶಪುರದ ಸೇತುವೆಯ ಕೆಳಗೆ ಹಾದ ಹೇಮಾವತಿ ಮುಂದೆ ಗೊರೂರಿಗೆ ಹೋಗುತ್ತಾಳಲ್ಲ, ಆ ಊರಿನ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ರೈತರ ಬಾಯಿಂದ ಪದಗಳನ್ನು ಬರೆದುಕೊಂಡು ‘ಹಳ್ಳಿಯ ಹಾಡುಗಳು’ ಎಂಬ ಪುಸ್ತಕ ಮಾಡಿದರು. ಮಾತು ಉಳಿಯಿತು, ಆದರೆ ಪುಸ್ತಕಕ್ಕೆ ದನಿ ಎಲ್ಲಿಂದ ಬರಬೇಕು? ನಮ್ಮ ಸಕಲೇಶಪುರದವರೇ ಆದ ಎಸ್. ಕೆ. ಕರೀಂಖಾನರು ಊರೂರು ಅಲೆದು ಹಾಡು ಸಂಗ್ರಹಿಸಿದರು, ತಾವೇ ಹಾಡಿ ತೋರಿಸಿದರು. ಜನ ಅವರನ್ನು ‘ಜಾನಪದ ಜಂಗಮ’ ಎಂದು ಕರೆದರು. ‘ಸ್ವರ್ಣಗೌರಿ’ ಸಿನಿಮಾಕ್ಕೆ ಹಾಡು ಬರೆದವರೂ ಅವರೇ. ಅವರು 2006ರಲ್ಲಿ ತೀರಿಕೊಂಡರು. ಅಷ್ಟು ಹಾಡು ಬಲ್ಲವರು ಹೋದಾಗ ಒಂದು ಗ್ರಂಥಾಲಯದ ಬಾಗಿಲೇ ಮುಚ್ಚಿದಂತೆ. ಸರ್ಕಾರಿ ಅಧಿಕಾರಿಯಾಗಿದ್ದ ಎಚ್. ಎಲ್. ನಾಗೇಗೌಡರು ಟೇಪ್ ರೆಕಾರ್ಡರ್ ಹಿಡಿದು ಹಳ್ಳಿಗಳಿಗೆ ಹೋದರು. ಸೋಬಾನೆ ಪದಗಳನ್ನು, ಕಥನಗೀತೆಗಳನ್ನು ಹಾಡುವವರ ದನಿಯಲ್ಲೇ ಹಿಡಿದರು. ರಾಮನಗರದ ಹತ್ತಿರ ಅವರು ಕಟ್ಟಿದ ‘ಜಾನಪದ ಲೋಕ’ 1994ರಿಂದ ಇದೆ. ಮೈಸೂರು ರಸ್ತೆಯಲ್ಲಿ ಹೋಗುವಾಗ ಅಜ್ಜ ಅಜ್ಜಿಯರೊಡನೆ ಇಳಿದು ನೋಡಿ.

ನಮ್ಮ ಘಟ್ಟದ ಕೆಳಗೆ ಯಕ್ಷಗಾನದವರು ಇನ್ನೊಂದು ಕೆಲಸ ಹಿಡಿದಿದ್ದಾರೆ. ಭಾಗವತರ ಮನೆಗಳ ಪೆಟ್ಟಿಗೆಗಳಲ್ಲಿದ್ದ ಹಳೆಯ ಪ್ರಸಂಗ ಪುಸ್ತಕಗಳನ್ನೂ ಕೈಬರಹಗಳನ್ನೂ ಪುಟಪುಟವಾಗಿ ಸ್ಕ್ಯಾನ್ ಮಾಡಿ, ಯಾರು ಬೇಕಾದರೂ ಬಿಟ್ಟಿಯಾಗಿ ಓದುವಂತೆ ಅಂತರ್ಜಾಲದಲ್ಲಿ ಇಡುತ್ತಿದ್ದಾರೆ. ಪ್ರಸಂಗವೆಂದರೆ ಆಟದ ಹಾಡುಗಳ ಪುಸ್ತಕ, ಯಾವ ಹಾಡಿಗೆ ಯಾವ ರಾಗ ಯಾವ ತಾಳ ಎಂದು ಬರೆದಿರುವಂಥದ್ದು. ಯಕ್ಷವಾಹಿನಿ ಎಂಬ ಬಳಗದ ಈ ಕೆಲಸಕ್ಕೆ ‘ಪ್ರಸಂಗಪ್ರತಿಸಂಗ್ರಹ’ ಎಂದು ಹೆಸರು. ಬೆಂಗಳೂರಿನಲ್ಲಿ ಇತಿಹಾಸಕಾರ ವಿಕ್ರಮ್ ಸಂಪತ್ ಅವರು ಆರಂಭಿಸಿದ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಹುಡುಕಿ ತಂದು ಡಿಜಿಟಲ್ ಮಾಡಿ ಎಲ್ಲರಿಗೂ ಕೇಳಿಸುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ನಾನೂ ಒಪ್ಪಿದೆ. ‘ಇಂಟರ್ನೆಟ್ ಆರ್ಕೈವ್’ ಎಂಬ ಜಾಲತಾಣವೊಂದಿದೆ. 1996ರಲ್ಲಿ ಅಮೆರಿಕದಲ್ಲಿ ಶುರುವಾದ ಸಾರ್ವಜನಿಕ ಭಂಡಾರ. ಅಲ್ಲಿ ಯಾರು ಬೇಕಾದರೂ ತಮ್ಮಲ್ಲಿರುವುದನ್ನು ಇಡಬಹುದು, ಯಾರು ಬೇಕಾದರೂ ಕೇಳಬಹುದು. ಪುಟ್ಟಿ ತನ್ನ ಅಪ್ಪನ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದಳು. ಹಾಡು ಏರಿಸುವ ಮೊದಲು ಒಂದು ಅರ್ಜಿ ತುಂಬಬೇಕು. ಶೀರ್ಷಿಕೆ, ಭಾಷೆ, ತಾರೀಖು, ವಿವರ. ನಡುವೆ ಒಂದು ಖಾಲಿ ಜಾಗ, ಇದನ್ನು ಮಾಡಿದವರು ಯಾರು ಎಂದು.

“ಹಾಡಿದವರು ಯಾರು ಅಂತ ಬರೀಲಿ ಅಜ್ಜ?”

“ನಿನ್ನ ಮುತ್ತಜ್ಜಿ ಹೆಸರು ಬರಿ.”

“ಇನ್ನೊಬ್ಬರದ್ದು?”

ನನಗೆ ಗೊತ್ತಿರಲಿಲ್ಲ. ಕ್ಯಾಸೆಟ್ಟಿನ ಮೇಲೆ ‘ಅವ್ವನ ಹಾಡು’ ಎಂದು ಬರೆದು ಮುಗಿಸಿದ್ದೆ.

ಆ ಹೊತ್ತಿಗೆ ನನಗೆ ಗೌಹರ್ ಜಾನ್ ನೆನಪಾದರು. ಈ ಕಥೆಯನ್ನು ಪುಟ್ಟಿಗೆ ಹೇಳಿದೆ, ನಿಮಗೂ ಹೇಳುತ್ತೇನೆ. 1902ರಲ್ಲಿ ಗೈಸ್‌ಬರ್ಗ್ ಎಂಬಾತ ಗ್ರಾಮಫೋನ್ ಕಂಪನಿಯ ಪರವಾಗಿ ಕಲ್ಕತ್ತೆಗೆ ಬಂದ. ಹೋಟೆಲಿನ ಕೋಣೆಯಲ್ಲಿ ಯಂತ್ರ ಹೂಡಿ ನಮ್ಮ ದೇಶದ ಗಾಯಕಿಯರ ಹಾಡು ಹಿಡಿದ. ಆಗ ಕರೆಂಟಿನ ಮೈಕು ಇರಲಿಲ್ಲ. ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು ಜೋರಾಗಿ ಹಾಡಬೇಕು, ಸುಮಾರು ಮೂರು ನಿಮಿಷದಲ್ಲಿ ಮುಗಿಸಬೇಕು. ಆ ಕಾಲದ ತಟ್ಟೆಗಳನ್ನು ಮಾಡುತ್ತಿದ್ದದ್ದು ಅರಗಿನಿಂದ. ಹೌದು, ಪಾಂಡವರ ಅರಗಿನ ಮನೆಯ ಕಥೆಯಲ್ಲಿ ಬರುತ್ತದಲ್ಲ, ಅದೇ ಅರಗು! ಮರದ ಕೊಂಬೆಯ ಮೇಲೆ ಪುಟ್ಟ ಕೀಟ ಮಾಡುವ ಅಂಟು ಅದು. ಅದಕ್ಕೇ ಆ ತಟ್ಟೆ ಕೈತಪ್ಪಿ ಬಿದ್ದರೆ ಗಾಜಿನ ಹಾಗೆ ಒಡೆಯುತ್ತಿತ್ತು.

ಗೌಹರ್ ಜಾನ್ ಪ್ರತಿ ಹಾಡಿನ ಕೊನೆಗೂ ಇಂಗ್ಲಿಷಿನಲ್ಲಿ, ನನ್ನ ಹೆಸರು ಗೌಹರ್ ಜಾನ್ ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ಜಂಬಕ್ಕಲ್ಲ. ಹಿಡಿದ ಹಾಡುಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ತಟ್ಟೆಗಳಾಗಿ ಅಚ್ಚಾಗಬೇಕಿತ್ತು. ಅಲ್ಲಿಯ ಕೆಲಸಗಾರರಿಗೆ ನಮ್ಮ ಭಾಷೆ ಬಾರದು, ಯಾರ ಹಾಡು ಯಾವುದೆಂದು ತಿಳಿಯದು. ಕೊನೆಯ ಆ ಮಾತು ಕೇಳಿ ಅವರು ಸರಿಯಾದ ಚೀಟಿ ಅಂಟಿಸುತ್ತಿದ್ದರು. ಮುಂದೆ ಗೌಹರ್ ಜಾನ್ 1928ರಲ್ಲಿ ಮೈಸೂರಿಗೆ ಬಂದು ಅರಮನೆಯ ಗಾಯಕಿಯಾದರು. 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಹಾಡಿ 120 ವರ್ಷ ದಾಟಿದರೂ ಆ ದನಿ ಯಾರದೆಂದು ಜಗತ್ತಿಗೆ ಗೊತ್ತು, ಹೆಸರು ಹಾಡಿನೊಳಗೇ ಇದೆ.

ನಾನು ಜಗುಲಿಯಲ್ಲಿ ಹಿಡಿದ ಹಾಡಿಗೆ ನಲವತ್ತೇ ವರ್ಷ. ಅಷ್ಟರಲ್ಲಿ ಒಂದು ದನಿ ಅನಾಥವಾಗಿತ್ತು.

ಆ ದಿನ ಜಗುಲಿಯಲ್ಲಿದ್ದವರಲ್ಲಿ ಈಗ ಉಳಿದಿರುವುದು ನಾನು ಮತ್ತು ನನ್ನ ಚಿಕ್ಕವ್ವ, ಅವ್ವನ ತಂಗಿ. 85 ದಾಟಿದೆ. ಇರುವುದು ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆ ಸೀಮೆಯಲ್ಲಿ. ಒಂದು ಭಾನುವಾರ ಪುಟ್ಟಿ, ನಾನು ಇಬ್ಬರೂ ಬಸ್ಸು ಹತ್ತಿ ಹೋದೆವು. ಚಿಕ್ಕವ್ವನಿಗೆ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಪುಟ್ಟಿ ಮೊಬೈಲನ್ನು ಕಿವಿಯ ಹತ್ತಿರ ಹಿಡಿದಳು.

“ಅಕ್ಕ!” ಎಂದರು ಮೊದಲ ಸೊಲ್ಲಿಗೇ. ಸೆರಗಿನಿಂದ ಕಣ್ಣೊರೆಸಿಕೊಂಡರು. ಕೆಮ್ಮಿನ ಆಮೇಲೆ ಆ ದೂರದ ದನಿ ಬಂತು. ಚಿಕ್ಕವ್ವ ತಲೆದೂಗಿದರು.

“ಇದ್ಯಾರು ಚಿಕ್ಕವ್ವ?”

“ಗೊತ್ತಾಗ್ಲಿಲ್ವೇನೋ ನಿಂಗೆ? ನೆಟ್ಟಿಗೆ ಬತ್ತಿದ್ಲಲ್ಲೋ, ಕೆಳಗಿನ ಕೇರಿಯೋಳು. ನೀನು ಮಗುವಾಗಿದ್ದಾಗ ನಿನ್ನ ಎತ್ತಾಡ್ಸಿದೋಳು.” ಹೆಸರು ಹೇಳಿದರು. “ಆ ಪದ ಅವಳದೇ ಕಣೋ. ಅಕ್ಕ ಕಲ್ತಿದ್ದೇ ಅವಳ ಬಾಯಿಂದ. ಅಕ್ಕ ಮರ್ತಾಗೆಲ್ಲ ಅವಳೇ ಎತ್ಕೊಡ್ತಿದ್ಲು.”

ಪುಟ್ಟಿ ಕೇಳಿದಳು, “ಮತ್ತೆ ಅವರು ಯಾಕಜ್ಜಿ ಅಷ್ಟು ದೂರ ಕೂತಿದ್ರು? ಮೈಕಿನ ಹತ್ರ ಬರಬಹುದಿತ್ತಲ್ಲ?”

ಚಿಕ್ಕವ್ವ ಉತ್ತರ ಕೊಡಲಿಲ್ಲ. ಮಂಜುಗಣ್ಣನ್ನು ನನ್ನ ಕಡೆ ತಿರುಗಿಸಿದರು.

ಆಗ ನನಗೆ ಎಲ್ಲ ನೆನಪಾಯಿತು ಮಕ್ಕಳೇ. ನಾವೆಲ್ಲ ಜಗುಲಿಯ ಮೇಲೆ ಚಾಪೆ ಹಾಸಿ ಕೂತಿದ್ದೆವು. ಅವರು ಅಂಗಳದ ಕಲ್ಲು ಮೆಟ್ಟಿಲ ಮೇಲೆ, ಸೂರಿನ ಕೆಳಗೆ, ಹಿಂದೆ ಮಳೆನೀರು ತೊಟ್ಟಿಕ್ಕುತ್ತಿದ್ದ ಜಾಗದಲ್ಲಿ ಕೂತಿದ್ದರು. ಜಾತಿಯ ಕಾರಣಕ್ಕೆ ಅವರು ನಮ್ಮ ಜಗುಲಿ ಹತ್ತುವಂತಿರಲಿಲ್ಲ. ನಮ್ಮ ಗದ್ದೆಯ ಕೆಸರಿನಲ್ಲಿ ಅವ್ವನ ಪಕ್ಕದಲ್ಲೇ ನಿಂತು ಹಾಡಿದವರು ಮನೆಗೆ ಬಂದಾಗ ಮೆಟ್ಟಿಲಲ್ಲಿ ಉಳಿದರು. ನಾನು ಕಾಲೇಜು ಓದಿದವನು. ಅದು ತಪ್ಪೆಂದು ಪುಸ್ತಕದಲ್ಲಿ ಓದಿದ್ದೆ. ಅವರನ್ನು ಮೇಲೆ ಬನ್ನಿ ಎನ್ನುವ ಧೈರ್ಯ ಬರಲಿಲ್ಲ, ಸರಿ. ಟೇಪ್ ರೆಕಾರ್ಡರನ್ನಾದರೂ ಎಂಟು ಅಡಿ ಕೆಳಗೆ ಇಡಬಹುದಿತ್ತು. ಅದನ್ನೂ ಮಾಡಲಿಲ್ಲ.

ಈ ಅಂಕಣಕ್ಕೆ ‘ಜಗುಲಿ ಮಾತು’ ಎಂದು ಹೆಸರಿಟ್ಟವನು ನಾನೇ. ಜಗುಲಿ ಎಂದರೆ ಎಲ್ಲರೂ ಕೂರುವ ಜಾಗ ಎಂದು ಎಷ್ಟೋ ಸಲ ನಿಮಗೆ ಬರೆದಿದ್ದೇನೆ. ನಮ್ಮ ಜಗುಲಿಯಲ್ಲಿ ಎಲ್ಲರೂ ಕೂರುತ್ತಿರಲಿಲ್ಲ. ಆ ಮಾತನ್ನು ಈಗ ತಿದ್ದಿಕೊಳ್ಳುತ್ತೇನೆ.

ಕೊನೆಯ ಹಾಡಿನ ವಿಷಯವನ್ನೂ ಚಿಕ್ಕವ್ವ ಹೇಳಿದರು. ಆ ತಾಯಿಗೆ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಒಬ್ಬ ಮಗನಿದ್ದ. ಕತ್ತಲಾಗುವ ಹೊತ್ತಿಗೆ ಅವನನ್ನು ನೆನೆದು ತಮ್ಮಷ್ಟಕ್ಕೆ ಹಾಡಿಕೊಂಡದ್ದು ಅದು. ಯಂತ್ರ ಓಡುತ್ತಿದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ.

ಅವರು ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ಮೊಮ್ಮಗಳು ಬಾಳ್ಳುಪೇಟೆ ಕಡೆ ಅಂಗನವಾಡಿ ಶಿಕ್ಷಕಿಯೆಂದು ವಿಚಾರಿಸಿದಾಗ ತಿಳಿಯಿತು. ಮುಂದಿನ ವಾರ ಅವರ ಮನೆಗೆ ಹೋದೆವು. ಬನ್ನಿ ಬನ್ನಿ ಎಂದು ಒಳಗೆ ಕರೆದು ಕುರ್ಚಿ ಕೊಟ್ಟರು, ಕಾಫಿ ಕೊಟ್ಟರು. ನಾನು ಬಂದ ಕಾರಣ ಹೇಳಿದೆ. ಮೆಟ್ಟಿಲಿನ ವಿಷಯವನ್ನೂ ಮುಚ್ಚಿಡಲಿಲ್ಲ. ಅವರು ಸುಮ್ಮನೆ ಕೇಳಿಸಿಕೊಂಡರು.

“ಅಜ್ಜಿದು ಅಂತ ನಮ್ಮ ಹತ್ರ ಇರೋದು ವೋಟರ್ ಕಾರ್ಡಿನ ಫೋಟೊ ಒಂದೇ ಸಾರ್,” ಎಂದರು.

ಪುಟ್ಟಿ ಹಾಡು ಹಾಕಿದಳು. ಎರಡನೆಯ ಹಾಡಿನಲ್ಲಿ ಆ ದನಿ ಬಂದಾಗ ಅವರು ತಟ್ಟನೆ ಎದ್ದು ನಿಂತರು. ಮತ್ತೆ ಹಾಕು ಎಂದರು. ಮೂರನೆಯ ಸಲಕ್ಕೆ ಅವರೂ ಜೊತೆಯಲ್ಲಿ ಗುನುಗುತ್ತಿದ್ದರು.

“ಈ ಧಾಟಿ ನಂಗೆ ಬರುತ್ತೆ ಸಾರ್! ಅಮ್ಮ ನಮ್ಮನ್ನ ಮಲಗಿಸುವಾಗ ಹೀಗೇ ಹಾಡ್ತಿದ್ರು, ಮಾತು ಬೇರೆ. ನಾನು ಇದು ಜೋಗುಳ ಅಂದ್ಕೊಂಡಿದ್ದೆ. ಅಂಗನವಾಡಿ ಮಕ್ಕಳಿಗೂ ಇದನ್ನೇ ಹಾಡ್ತೀನಿ.”

ನೆಟ್ಟಿ ಹಾಡಿನ ಧಾಟಿ ಗದ್ದೆಯಿಂದ ತೊಟ್ಟಿಲಿಗೆ ಹೋಗಿ, ಅಲ್ಲಿಂದ ಅಂಗನವಾಡಿಗೆ ಬಂದಿತ್ತು. ನಮ್ಮ ಡಬ್ಬಿಯಲ್ಲಿದ್ದ ಹಾಡಿಗೆ ಬೂಷ್ಟು ಹಿಡಿಯುತ್ತಿದ್ದಾಗ ಅವರ ಮನೆಯ ಹಾಡು ದಿನಾ ಮಕ್ಕಳನ್ನು ಮಲಗಿಸುತ್ತಿತ್ತು.

ಎಲ್ಲರೂ ಕೇಳುವಂತೆ ಇಡಬಹುದೇ ಎಂದು ಕೇಳಿದೆ. ಮನೆಯವರ ಜೊತೆ ಮಾತಾಡಿ ಹೇಳುತ್ತೇನೆ ಎಂದರು. ನಾಲ್ಕು ದಿನದ ಮೇಲೆ ಫೋನ್ ಬಂತು. ಇಡಿ, ಆದರೆ ನಾಲ್ಕು ಮಾತು. ಅಜ್ಜಿಯ ಹೆಸರು, ಊರು ಪೂರ್ತಿಯಾಗಿ ಇರಬೇಕು, ಮೊದಲು ಇರಬೇಕು. ಯಾರೂ ಅದನ್ನು ಮಾರಬಾರದು. ಕೊನೆಯ ಹಾಡು ಬೇಡ, ಅದು ಅಜ್ಜಿಯ ಸ್ವಂತದ್ದು, ಅದರ ಪ್ರತಿ ನಮಗೆ ಮಾತ್ರ ಕೊಡಿ. ನಾಲ್ಕನೆಯದು ನನಗೆ: “ಪತ್ರಿಕೆಯಲ್ಲಿ ಬರೀತೀರಂತಲ್ಲ ಸಾರ್, ವಿಷಯ ಬರೀರಿ. ಹೆಸರು ಬೇಡ. ಹೆಸರು ಹಾಡಿನ ಜೊತೆಗಿದ್ರೆ ಸಾಕು.” ಅದಕ್ಕೇ ಇಲ್ಲಿ ಅವರ ಹೆಸರು ಬರೆದಿಲ್ಲ, ನೀವು ತಪ್ಪು ತಿಳಿಯಬಾರದು.

ಪುಟ್ಟಿ ಮತ್ತೆ ಆ ಅರ್ಜಿ ತೆರೆದಳು. ನಾಗರ ಪಂಚಮಿಯ ಮರುದಿನ ಹಿಡಿದದ್ದೆಂದು ಚಿಕ್ಕವ್ವ ಹೇಳಿದ್ದರು. ಹಳೆಯ ಪಂಚಾಂಗ ನೋಡಿ ತಾರೀಖು ತುಂಬಿಸಿದೆವು. ಶೀರ್ಷಿಕೆಯ ಜಾಗದಲ್ಲಿ ‘ಅವ್ವನ ಹಾಡು’ ಎಂದು ಹಾಕಲು ಮನಸ್ಸು ಬರಲಿಲ್ಲ. ‘ನೆಟ್ಟಿ ಹಾಡುಗಳು’ ಎಂದು ಹಾಕಿದೆವು. ಹಾಡಿದವರು ಎಂಬಲ್ಲಿ ಎರಡು ಹೆಸರು, ಮೊದಲಿನದು ಹಾಡು ಕಲಿಸಿದವರದು, ಎರಡನೆಯದು ಕಲಿತವಳದು. ವಿವರದಲ್ಲಿ ಒಂದು ಸಾಲು ಸೇರಿಸಿದೆ: ಮೊದಲಿನವರ ದನಿ ದೂರದಲ್ಲಿದೆ, ಅವರನ್ನು ಮೆಟ್ಟಿಲ ಮೇಲೆ ಕೂರಿಸಲಾಗಿತ್ತು. ಮುಂದೆ ಯಾರಾದರೂ ಸ್ಟುಡಿಯೊದವರ ಪ್ರಶ್ನೆಯನ್ನೇ ಕೇಳಿದರೆ ಉತ್ತರ ಅಲ್ಲಿರಲಿ.

ಯಂತ್ರ ದನಿಯನ್ನು ಉಳಿಸಿಕೊಡುತ್ತದೆ. ದನಿ ಯಾರದು ಎಂದು ಯಂತ್ರಕ್ಕೆ ಗೊತ್ತಿಲ್ಲ. ಅದು ಗೊತ್ತಿರುವುದು ನಮ್ಮ ನಿಮ್ಮ ಮನೆಗಳ ಚಿಕ್ಕವ್ವಂದಿರಿಗೆ. ನಾವು ಇನ್ನೆರಡು ವರ್ಷ ತಡ ಮಾಡಿದ್ದರೆ ಕೇಳಲು ಯಾರೂ ಇರುತ್ತಿದ್ದರೋ ಇಲ್ಲವೋ.

ಈಗ ಮಕ್ಕಳೇ, ಈ ವಾರದ ಮನೆಗೆಲಸ. ಅಜ್ಜ ಅಜ್ಜಿಯರೂ ಜೊತೆಗೂಡಬೇಕು.

1. ಮನೆಯಲ್ಲಿರುವ ಹಳೆಯ ಕ್ಯಾಸೆಟ್ಟು, ಗ್ರಾಮಫೋನ್ ತಟ್ಟೆ, ಹಾಡಿನ ನೋಟುಪುಸ್ತಕಗಳನ್ನು ಹುಡುಕಿ. ಕ್ಯಾಸೆಟ್ಟಿನ ಬೆನ್ನಿನ ಹಲ್ಲುಗಳನ್ನು ಇವತ್ತೇ ಮುರಿಯಿರಿ. ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಬೇಡಿ, ಒಲೆಯ ಅಟ್ಟದ ಮೇಲೆ ಒಣಗಿಸಲೂಬೇಡಿ, ಬಿಸಿಗೆ ಟೇಪು ಸೊಟ್ಟಗಾಗುತ್ತದೆ. ಒಣಗಿದ, ತಂಪಾದ ಜಾಗದಲ್ಲಿಟ್ಟು ಕೆಲಸ ಬಲ್ಲವರಿಗೆ ತೋರಿಸಿ.

2. ನೋಟುಪುಸ್ತಕವಿದ್ದರೆ ಬೆಳಕಿರುವ ಕಡೆ ಇಟ್ಟು, ನೆರಳು ಬೀಳದಂತೆ ಒಂದೊಂದು ಪುಟದ ಫೋಟೊ ತೆಗೆಯಿರಿ. ರಟ್ಟು, ಖಾಲಿ ಪುಟ, ಅಂಚಿನಲ್ಲಿ ಗೀಚಿದ ಲೆಕ್ಕ ಯಾವುದನ್ನೂ ಬಿಡಬೇಡಿ.

3. ಯಾವುದನ್ನೇ ಡಿಜಿಟಲ್ ಮಾಡಿದರೂ ಮೂರು ಪ್ರತಿ ಇಡಿ. ಒಂದು ಮನೆಯ ಕಂಪ್ಯೂಟರಿನಲ್ಲಿ, ಒಂದು ಬೇರೆ ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕಿನಲ್ಲಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ. ಮೂಲ ಕ್ಯಾಸೆಟ್ಟನ್ನು ಎಸೆಯಬೇಡಿ.

4. ಹೊಸದಾಗಿ ಯಾರದಾದರೂ ಹಾಡು ಹಿಡಿಯುವಾಗ ಮೊದಲು ನೀವೇ ಗಟ್ಟಿಯಾಗಿ ಹೇಳಿ: ಇವತ್ತಿನ ತಾರೀಖು, ಊರು, ಹಾಡುವವರ ಹೆಸರು, ಅವರಿಗೆ ಕಲಿಸಿದವರ ಹೆಸರು, ಯಾವಾಗ ಹಾಡುವ ಹಾಡು. ಗೌಹರ್ ಜಾನ್ ಕೊನೆಯಲ್ಲಿ ಹೇಳುತ್ತಿದ್ದುದನ್ನು ನೀವು ಮೊದಲೇ ಹೇಳಿಬಿಡಿ.

5. ಅಂತರ್ಜಾಲದಲ್ಲಿ ಇಡುವ ಮೊದಲು ಹಾಡಿದವರನ್ನು, ಅವರಿಲ್ಲದಿದ್ದರೆ ಮನೆಯವರನ್ನು ಕೇಳಿ. ಬೇಡ ಎಂದರೆ ಬೇಡ. ಕಂಪನಿಗಳು ಹೊರತಂದ ತಟ್ಟೆಗಳಿಗೆ ನಮ್ಮ ಕಾನೂನಿನಲ್ಲಿ ಬಿಡುಗಡೆಯಾದ ಮೇಲೆ 60 ವರ್ಷ ಹಕ್ಕು ಇರುತ್ತದೆ ಎಂಬುದೂ ನೆನಪಿರಲಿ.

6. ಕೊನೆಯದು ಮುಖ್ಯ. ಹಾಡು ಹಿಡಿಯಲು ಕೂತಾಗ ಸುತ್ತ ಒಮ್ಮೆ ನೋಡಿ. ದೂರದಲ್ಲಿ ಯಾರಾದರೂ ಕೂತು ಹಾಡುತ್ತಿದ್ದರೆ ಹತ್ತಿರ ಕರೆಯಿರಿ.

ಹೋದ ವಾರ ಆ ಅಂಗನವಾಡಿ ಶಿಕ್ಷಕಿ ಮತ್ತೆ ಫೋನ್ ಮಾಡಿದ್ದರು. ಅಂಗನವಾಡಿಯ ಮಕ್ಕಳಿಗೆ ಮೊಬೈಲಿನಲ್ಲಿ ಹಾಡು ಕೇಳಿಸಿದರಂತೆ. ಒಂದು ಮಗು ಇದ್ಯಾರ ದನಿ ಟೀಚರ್ ಎಂದು ಕೇಳಿತಂತೆ. ನಮ್ಮಜ್ಜಿದು ಎಂದು ಹೇಳಿ, ಹೆಸರನ್ನೂ ಹೇಳಿದೆ ಸಾರ್ ಎಂದರು.

ಮುಂದಿನ ವಾರ ಸಿಗೋಣ. ಮಳೆ ಬಿಟ್ಟಿದೆ, ಕಾಫಿ ಗಿಡದ ಕೆಲಸ ಬಾಕಿ ಇದೆ.